ಒಬ್ಬನನ್ನೇ ಯಾಕೆ ಆರಿಸಬೇಕು?

ಒಬ್ಬ ನಾಯಕಿ, ಮೂವರೋ ನಾಲ್ವರೋ ನಾಯಕರು. ಕಥೆ ಮುಗಿಯುವಾಗ ಅವಳು ಒಬ್ಬನ ಕೈಹಿಡಿದು ಮಿಕ್ಕವರನ್ನು ಬಿಟ್ಟುಹೋಗುವುದಿಲ್ಲ. ಎಲ್ಲರೂ ಅವಳ ಜೊತೆಗೇ ಉಳಿಯುತ್ತಾರೆ. ಇಂಗ್ಲಿಷ್ ಪ್ರೇಮ ಕಾದಂಬರಿಗಳ ಲೋಕದಲ್ಲಿ ಇದಕ್ಕೆ ‘ರಿವರ್ಸ್ ಹರೇಮ್’ ಎಂದು ಹೆಸರು. ‘ವೈ ಚೂಸ್’ ಎಂದೂ ಕರೆಯುತ್ತಾರೆ. ಆ ಗಂಡಸರು ಮಾಫಿಯಾದವರೋ, ಅಪಹರಣಕಾರರೋ, ಕಾಲೇಜಿನಲ್ಲಿ ಅವಳನ್ನು ಗೋಳುಹೊಯ್ದುಕೊಂಡವರೋ ಆಗಿದ್ದರೆ ಹೆಸರಿಗೆ ‘ಡಾರ್ಕ್’ ಕೂಡ ಸೇರುತ್ತದೆ. ವಯಸ್ಕರಿಗಷ್ಟೇ ಮೀಸಲಾದ, ಆರಂಭದಲ್ಲೇ ಎಚ್ಚರಿಕೆಯ ಪಟ್ಟಿ ಹೊತ್ತ ಈ ಪುಸ್ತಕಗಳನ್ನು ಬರೀ ಚಪಲದ ಸರಕು ಎಂದು ಪಕ್ಕಕ್ಕೆ ಸರಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಥೆಯ ಕಾಲವನ್ನು ಪಾತ್ರಗಳಿಗೆ ಹೇಗೆ ಹಂಚಬೇಕು ಎಂಬ ಹಳೆಯ ಪ್ರಶ್ನೆಯಿಂದ ಇಲ್ಲಿ ಯಾವ ಬರಹಗಾರ್ತಿಯೂ ತಪ್ಪಿಸಿಕೊಳ್ಳಲಾರಳು.

ಹೆಸರಿನ ಬೇರು ಜಪಾನಿನದು. ಅಲ್ಲಿನ ಮಂಗಾ, ಅನಿಮೆ ಅಭಿಮಾನಿಗಳ ‘ಗ್ಯಾಕು ಹಾರೆಮು’ ಇಂಗ್ಲಿಷಿಗೆ ಬಂದು ರಿವರ್ಸ್ ಹರೇಮ್ ಆಯಿತು. 1992ರಲ್ಲಿ ಯೊಕೊ ಕಾಮಿಯೊ ‘ಹಾನಾ ಯೋರಿ ದಾಂಗೊ’ ಮಂಗಾ ಶುರುಮಾಡಿದರು. ಸಿರಿವಂತರ ಶಾಲೆಗೆ ಬಂದ ಸಾಧಾರಣ ಮನೆಯ ಹುಡುಗಿ ತ್ಸುಕುಶಿ, ಅವಳ ಮೇಲೆ ಇಡೀ ಶಾಲೆಯನ್ನು ಛೂಬಿಡುವ ನಾಲ್ವರು ಹುಡುಗರ ಗುಂಪು. ಪೀಡಕನೇ ಪ್ರೇಮಿಯಾಗುವ ಇಂದಿನ ‘ಬುಲ್ಲಿ ರೊಮ್ಯಾನ್ಸ್’ನ ಚೌಕಟ್ಟು ಅಲ್ಲಾಗಲೇ ನಿಂತಿತ್ತು.

ಅದಕ್ಕಿಂತ ಆಳವಾದ ಗುರುತು ಬಿಟ್ಟದ್ದು, ನನ್ನ ಲೆಕ್ಕದಲ್ಲಿ, 1994ರ ಒಂದು ವಿಡಿಯೋ ಗೇಮ್. ಕೋಯಿ ಕಂಪನಿಯ ಕೇಕೊ ಎರಿಕಾವಾ ಹೆಂಗಸರ ತಂಡ ಕಟ್ಟಿ, ‘ರೂಬಿ ಪಾರ್ಟಿ’ ಎಂಬ ಹೆಸರಿನಲ್ಲಿ, ಹುಡುಗಿಯರಿಗಾಗಿಯೇ ‘ಆಂಜೆಲಿಕ್’ ತಂದರು. ರಾಣಿಪಟ್ಟಕ್ಕೆ ಸ್ಪರ್ಧಿಸುವ ಹುಡುಗಿ, ಸುತ್ತ ಒಂಬತ್ತು ಮಂದಿ ರಕ್ಷಕರು. ಒಬ್ಬನ ಮನಸ್ಸು ಗೆಲ್ಲಬೇಕಾದರೆ ಅವನ ಬಳಿಗೆ ಮತ್ತೆ ಮತ್ತೆ ಹೋಗಬೇಕು, ಮಾತಾಡಬೇಕು, ದಿನಗಳನ್ನು ಕಳೆಯಬೇಕು. ಮುಂದೆ ಇಂಥ ಆಟಗಳಲ್ಲಿ ಪ್ರತಿ ಗಂಡಸಿಗೂ ಅವನದೇ ಕಥಾದಾರಿ, ಅಂದರೆ ‘ರೂಟ್’, ಇರುವುದು ವಾಡಿಕೆಯಾಯಿತು. ಒಬ್ಬನ ದಾರಿ ಮುಗಿದ ಮೇಲೆ ಆಟವನ್ನು ಮೊದಲಿನಿಂದ ಆಡಿ ಇನ್ನೊಬ್ಬನದನ್ನು ಹಿಡಿಯಬಹುದು.

ಕಾದಂಬರಿಗೆ ಆ ಸವಲತ್ತಿಲ್ಲ. ನಾಲ್ಕೂ ದಾರಿಗಳನ್ನು ಒಂದೇ ಜಡೆಯಾಗಿ ಹೆಣೆಯಬೇಕು. ಅವಳು ಒಬ್ಬನ ಜೊತೆ ಮಳೆಯಲ್ಲಿ ಕಾರಿನೊಳಗೆ ಕೂತಿದ್ದಾಗ ಉಳಿದ ಮೂವರ ಮನಸ್ಸು ಎಲ್ಲಿತ್ತು ಎಂಬ ಲೆಕ್ಕ ಬರೆಯುವವಳ ಬಳಿ ಇರಲೇಬೇಕು. ಈ ತೊಡಕು ನಮಗೆ ಹೊಸದಲ್ಲ. ಮಹಾಭಾರತದಲ್ಲಿ ನಾರದನ ಮಾತಿನಂತೆ ಪಾಂಡವರು ಒಂದು ಕಟ್ಟುಪಾಡು ಮಾಡಿಕೊಳ್ಳುತ್ತಾರೆ: ದ್ರೌಪದಿಯೊಡನೆ ಒಬ್ಬನಿರುವಾಗ ಇನ್ನೊಬ್ಬ ಒಳಬಂದರೆ ಅವನಿಗೆ 12 ವರ್ಷ ವನವಾಸ. ಬ್ರಾಹ್ಮಣನ ಹಸುಗಳನ್ನು ಉಳಿಸಲು ಆಯುಧ ತರಹೋದ ಅರ್ಜುನ ಆ ಕಟ್ಟುಪಾಡನ್ನು ಮುರಿದು ಹೊರಟುಬಿಡುತ್ತಾನೆ. ಸಮಯ ಹಂಚಿಕೆಯ ನಿಯಮವೇ ಕಥೆಯನ್ನು ಮುಂದಕ್ಕೆ ನೂಕುತ್ತದೆ. 1979ರ ‘ಪರ್ವ’ದಲ್ಲಿ ಭೈರಪ್ಪನವರು ಐವರ ನಡುವಿನ ಆ ಬಾಳನ್ನು ದ್ರೌಪದಿಯ ಮನಸ್ಸಿನೊಳಗಿಂದಲೇ ಕಂಡರು. ಆದರೆ ಐವರೂ ಬೇಕೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಬೇಕು ಎಂದು ಹೆಣ್ಣೇ ಹೇಳುವ ಕಥೆ ಈ ಹೊಸ ಕಾದಂಬರಿಗಳದು.

ಅಮೆರಿಕದಲ್ಲಿ ನೆಲ ಹದಮಾಡಿದವರು ಲಾರೆಲ್ ಕೆ. ಹ್ಯಾಮಿಲ್ಟನ್. 1993ರಲ್ಲಿ ಶುರುವಾದ ಅವರ ಅನಿತಾ ಬ್ಲೇಕ್ ಸರಣಿ ಮೊದಲಿಗೆ ರಕ್ತಪಿಶಾಚಿಗಳ ಪತ್ತೇದಾರಿ ಕಥೆ; ನಾಯಕಿಯ ಬದುಕಿಗೆ ಹಲವು ಗಂಡಸರು ಬಂದದ್ದು ಕೆಲವು ಪುಸ್ತಕಗಳು ಕಳೆದ ಮೇಲೆ. 2012ರಲ್ಲಿ ಸಿ. ಎಲ್. ಸ್ಟೋನ್ ಅವರ ‘ಇಂಟ್ರೊಡಕ್ಷನ್ಸ್’ ಬಂತು. ಕಟ್ಟುನಿಟ್ಟಿನ ಮನೆಯಲ್ಲಿ ನಲುಗಿದ ಹುಡುಗಿ ಸ್ಯಾಂಗ್, ಅವಳನ್ನು ಕಾಯುವ ಹುಡುಗರ ತಂಡ. ಪುಸ್ತಕದ ಮೇಲೆ ಪುಸ್ತಕ ಬಂದರೂ ಕಥೆಯೊಳಗಿನ ಕ್ಯಾಲೆಂಡರು ಕದಲುವುದೇ ಅಪರೂಪ. ಓದುಗರು ‘ಸ್ಲೋ ಬರ್ನ್’ ಎನ್ನುವುದು ಇಂಥದ್ದಕ್ಕೇ: ಉರಿ ಸಣ್ಣದು, ಹೊತ್ತು ಜಾಸ್ತಿ.

ಆ ಹೊತ್ತಿಗೆ ಬೆಲೆ ಬಂದದ್ದು ಒಂದು ವ್ಯಾಪಾರದ ತೀರ್ಮಾನದಿಂದ. 2014ರ ಜುಲೈನಲ್ಲಿ ಅಮೆಜಾನ್ ‘ಕಿಂಡಲ್ ಅನ್‌ಲಿಮಿಟೆಡ್’ ತೆರೆಯಿತು. ತಿಂಗಳ ಚಂದಾ ಕಟ್ಟಿದರೆ ಎಷ್ಟಾದರೂ ಓದಬಹುದು. ಪುಸ್ತಕದ ಶೇ 10ರಷ್ಟು ಓದಿದರೆ ಬರೆದವರಿಗೆ ಹಣ ಎಂಬುದು ಮೊದಲ ನಿಯಮ. ಹಾಗಾಗಿ ಕಥೆಗಳನ್ನು ಪುಟ್ಟ ಪುಟ್ಟ ಕಂತುಗಳಾಗಿ ಕತ್ತರಿಸಿ ಮಾರಿದವರು ಬಹಳ. 2015ರ ಜುಲೈ 1ರಿಂದ ನಿಯಮ ತಿರುಗಿತು: ಓದಿದ ಪುಟಕ್ಕಿಷ್ಟು. ಪುಟಕ್ಕೆ ಅರ್ಧ ಸೆಂಟಿನ ಆಸುಪಾಸು. ಉದ್ದದ ಕಥೆಗೆ ಒಮ್ಮೆಲೇ ಅನ್ನ ಹುಟ್ಟಿತು. ನಾಲ್ವರು ನಾಯಕರಿಗೂ ನೆನಪು, ಗಾಯ, ಹಟ ಕೊಡಲು ಜಾಗ ಸಿಕ್ಕಿತು. ಸುಮ್ಮನೆ ಎಳೆಯುವ ಆಸೆಯೂ ಜೊತೆಗೇ ಬಂತು. ವಾರಪತ್ರಿಕೆಯ ಧಾರಾವಾಹಿಯಲ್ಲಿ ‘ಮುಂದುವರಿಯುವುದು’ ಎಂಬ ಪದಕ್ಕೆ ಬಂದು ನಿಂತವರಿಗೆ ಸಂಪುಟದ ಕೊನೆಯ ಕ್ಲಿಫ್‌ಹ್ಯಾಂಗರ್ ಏನೆಂದು ವಿವರಿಸಬೇಕಿಲ್ಲ.

ಕತ್ತಲೆಯ ಭಾಗ ಇನ್ನೂ ಕಷ್ಟದ್ದು. 1972ರಲ್ಲಿ ಕ್ಯಾಥ್ಲೀನ್ ವುಡಿವಿಸ್ ಅವರ ‘ದ ಫ್ಲೇಮ್ ಆ್ಯಂಡ್ ದ ಫ್ಲವರ್’ ನಾಯಕನೇ ನಾಯಕಿಯ ಮೇಲೆ ಅತ್ಯಾಚಾರ ಮಾಡುವುದರಿಂದ ತೊಡಗಿ ಮದುವೆ, ಪ್ರೀತಿಗೆ ಹೋಗಿ ಮುಟ್ಟಿತು. ಅಂಥ ಆರಂಭವನ್ನು ಓದುಗರು ನುಂಗಿಕೊಳ್ಳಬೇಕೆಂದರೆ ಮುಂದಿನ ಪ್ರತಿ ಪುಟವೂ ಆ ಸಾಲ ತೀರಿಸಬೇಕು. ಎಲ್ಲ ಸಾಲವೂ ತೀರುತ್ತದೆಂದು ನನಗನ್ನಿಸಿಲ್ಲ. ‘ಜೇನ್ ಏರ್’ (1847) ಹಿಡಿದ ದಾರಿ ಬೇರೆ. ಅಲ್ಲಿ ನಾಯಕ ರಾಚೆಸ್ಟರ್ ಕುದುರೆ ಏರಿ ಬರುವುದು 12ನೇ ಅಧ್ಯಾಯದಲ್ಲಿ. ಅಷ್ಟರಲ್ಲಿ ಜೇನ್ ಹಸಿವು, ಅವಮಾನ, ಗೆಳತಿಯ ಸಾವು ಎಲ್ಲ ಕಂಡು ತನ್ನ ಕಾಲ ಮೇಲೆ ನಿಂತ ಹೆಣ್ಣು. ಇಂದಿನ ಎಷ್ಟೋ ಪುಸ್ತಕಗಳಲ್ಲಿ ಗಂಡಸರು ಮೊದಲ ಅಧ್ಯಾಯದಲ್ಲೇ ಬಾಗಿಲು ಒಡೆದು ಬರುತ್ತಾರೆ. ನಾಯಕಿ ಯಾರೆಂದು ತಿಳಿಯುವ ಮೊದಲೇ ಅವಳು ಬೇಟೆಯಾಗಿರುತ್ತಾಳೆ.

2020ರಲ್ಲಿ ಬಂದ ಕೆ. ಎ. ನೈಟ್ ಅವರ ‘ಡೆನ್ ಆಫ್ ವೈಪರ್ಸ್’ ಕೂಡ ಹಾಗೆಯೇ ಧಾವಂತದಿಂದ ತೊಡಗುತ್ತದೆ: ಅಪ್ಪನ ಸಾಲಕ್ಕೆ ಮಾರಾಟವಾದ ಬಾರ್ ಒಡತಿ ರಾಕ್ಸಿ, ಕೊಂಡ ನಾಲ್ವರು. ಆ ನಾಲ್ವರಲ್ಲಿ ನನ್ನನ್ನು ಹಿಡಿದಿಟ್ಟವನು, ಹಿಂದೊಬ್ಬಳು ಮಾಡಿದ ಗಾಯದಿಂದ ಹೆಣ್ಣನ್ನೇ ನಂಬದ ಗ್ಯಾರೆಟ್. ಓಡುವ ಕಥೆ ಅವನ ಬಳಿ ಬಂದಾಗ ನಿಧಾನಿಸುತ್ತದೆ. ಅವನು ಒಂದು ಹೆಜ್ಜೆ ಹತ್ತಿರ ಬಂದರೆ ಅದೇ ಒಂದು ಘಟನೆ.

ಇಂಥ ಕಾದಂಬರಿಗಳಲ್ಲಿ ಅಧ್ಯಾಯದ ನೆತ್ತಿಯ ಮೇಲೆ ಮಾತಾಡುವವನ ಹೆಸರು ಇರುತ್ತದೆ. ಕಥೆ ‘ನಾನು’ ಎಂದೇ ಸಾಗುತ್ತದೆ. ನಾನು ಆ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಒಂದು ಪುಟ ಓದುತ್ತೇನೆ. ಯಾರ ದನಿ ಎಂದು ಗೊತ್ತಾದರೆ ಮುಂದಿನ ಆರುನೂರು ಪುಟಕ್ಕೆ ಸಿದ್ಧ.