ಬಾಣಂತಿಯ ತಲೆನೋವೂ ಬಿಪಿ ಯಂತ್ರವೂ

ನಮ್ಮ ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎಂಬ ಒಂದೇ ಹೆಸರಿನೊಳಗೆ ಹಲವು ಕಾಯಿಲೆಗಳು ಸೇರಿಹೋಗಿವೆ. ಅವುಗಳಲ್ಲೊಂದು ಅಪರೂಪದ್ದು, ಬೇಗ ಗುರುತಿಸಿದರೆ ಬಹುತೇಕ ಪೂರ್ತಿ ವಾಸಿಯಾಗುವಂಥದ್ದು. ವೈದ್ಯರು ‘ಪ್ರೆಸ್’ ಎಂದು ಕರೆಯುವ ಈ ಮೆದುಳಿನ ತೊಂದರೆಯನ್ನು ಜೂಡಿ ಹಿಂಚಿ ಮತ್ತು ಸಂಗಡಿಗರು 1996ರಲ್ಲಿ, 15 ರೋಗಿಗಳನ್ನು ಪರಿಶೀಲಿಸಿ, ವಿವರಿಸಿದರು.

ವಿಪರೀತ ತಲೆನೋವು, ಗಲಿಬಿಲಿ, ಫಿಟ್ಸ್. ಕೆಲವರಿಗೆ ಕಣ್ಣೇ ಕಾಣಿಸದು. ಟಾರ್ಚ್ ಬಿಟ್ಟರೆ ಪಾಪೆ ಸರಿಯಾಗಿಯೇ ಕಿರಿದಾಗುತ್ತದೆ. ಕಣ್ಣಿಗೇನೂ ಆಗಿಲ್ಲ, ಕಂಡದ್ದನ್ನು ಗ್ರಹಿಸುವ ಮೆದುಳಿನ ಹಿಂಭಾಗ ಊದಿಕೊಂಡಿದೆ. ರಕ್ತದೊತ್ತಡ ಏರಿದಾಗ ಮೆದುಳಿನ ಸಣ್ಣ ನಾಳಗಳು ಬಿಗಿಯಾಗಿ ಹರಿವನ್ನು ಹದದಲ್ಲಿಡುತ್ತವೆ. ಒತ್ತಡ ಮಿತಿ ಮೀರಿದರೆ, ಇಲ್ಲವೇ ನಾಳದ ಒಳಪದರವೇ ಘಾಸಿಗೊಂಡರೆ, ಆ ಹಿಡಿತ ತಪ್ಪಿ ರಕ್ತದ ನೀರಿನಂಶ ಹೊರಗೆ ಒಸರುತ್ತದೆ. ಆದರೆ ಜೀವಕೋಶಗಳು ಒಡನೆ ಸಾಯುವುದಿಲ್ಲ. ನಮಗಿರುವ ಅವಕಾಶ ಅಲ್ಲಿಯೇ.

ಮೂತ್ರಪಿಂಡದ ಕಾಯಿಲೆ, ಸೈಕ್ಲೋಸ್ಪೊರಿನ್‌ನಂಥ ಔಷಧಗಳೂ ಇದಕ್ಕೆ ಕಾರಣವಾಗುತ್ತವೆ. ಹಳ್ಳಿಯ ಮನೆಗಳು ಮುಖ್ಯವಾಗಿ ಎಚ್ಚರವಹಿಸಬೇಕಾದದ್ದು ಬಸುರಿ, ಬಾಣಂತಿಯರ ಬಿಪಿ ಬಗ್ಗೆ.

ಎಂಆರ್‌ಐ ಮಾಡಿಸಿದರೆ ಮೆದುಳಿನ ಹಿಂಭಾಗದ ಎರಡೂ ಬದಿ ಬೆಳ್ಳಗೆ ಕಾಣುತ್ತದೆ. ದೊಡ್ಡ ಕಾಯಿಲೆಯೆಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುವುದು ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ರೂಢಿ. ಆದರೆ ಸ್ಕ್ಯಾನ್ ಆಗುವವರೆಗೆ ಚಿಕಿತ್ಸೆ ಕಾಯಬಾರದು. ಮೊದಲ ಸುಳಿವು ಕೊಡುವುದು ಉಪಕೇಂದ್ರದ ಬಿಪಿ ಯಂತ್ರವೇ. ಅದರ ಪಟ್ಟಿ ಗಾಳಿ ತುಂಬಿಕೊಂಡು ತೋಳಿನ ರಕ್ತನಾಳವನ್ನು ಅದುಮುತ್ತದೆ. ಗಾಳಿ ಇಳಿದಂತೆ ಮರಳುವ ಮಿಡಿತದಿಂದ ಒತ್ತಡ ಗೊತ್ತಾಗುತ್ತದೆ. 140/90 ಇದ್ದರೆ ವೈದ್ಯರಿಗೆ ತೋರಿಸಬೇಕು. 160/110 ದಾಟಿದರೆ ಆ ಗಳಿಗೆಯಲ್ಲೇ ಹೊರಡಬೇಕು.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ ನಡೆದ ‘ಕ್ಲಿಪ್’ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತೆಯರು ಗರ್ಭಿಣಿಯರ ಮನೆಗೇ ಹೋಗಿ ಬಿಪಿ ಅಳೆದರು. ಒಟ್ಟಾರೆ ಸಾವು-ನೋವು ಗಣನೀಯವಾಗಿ ತಗ್ಗಲಿಲ್ಲ. ಆದರೂ ಈ ಕೆಲಸವನ್ನು ಮನೆಬಾಗಿಲಲ್ಲಿ ಸುರಕ್ಷಿತವಾಗಿ ಮಾಡಬಹುದೆಂದು ತಿಳಿಯಿತು. ನನ್ನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ, 108ಕ್ಕೆ ಕರೆಮಾಡಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಹಾಕುವುದು ಖಂಡಿತ ಬೇಡ. ಬಸುರಿ, ಬಾಣಂತಿಯರ ಇಂಥ ಫಿಟ್ಸ್‌ಗೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದೇ ಮೇಲು ಎಂಬುದು 1995ರಲ್ಲೇ ಭಾರತವೂ ಸೇರಿದ್ದ ದೊಡ್ಡ ಪ್ರಯೋಗದಲ್ಲಿ ಸಾಬೀತಾಗಿದೆ. ಬಿಪಿಯನ್ನು ಮಾತ್ರ ಮೆಲ್ಲಗೆ ಇಳಿಸಬೇಕು. ಒಮ್ಮೆಲೇ ಕುಸಿದರೆ ಮೆದುಳಿಗೆ ರಕ್ತ ಸಾಲದು. ಹೆಚ್ಚಿನವರಿಗೆ ಕೆಲವು ದಿನ, ವಾರಗಳಲ್ಲಿ ದೃಷ್ಟಿ ಮರಳುತ್ತದೆ. ತಡವಾದರೆ ಮೆದುಳಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಕುತ್ತು ಬರಬಹುದು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28, 42ನೆಯ ದಿನ ಆಶಾ ಕಾರ್ಯಕರ್ತೆ ಮಗುವನ್ನು ನೋಡಲು ಮನೆಗೆ ಬರುತ್ತಾರೆ. ತಾಯಿಯ ತೋಳಿಗೂ ಅಂದೇ ಬಿಪಿ ಪಟ್ಟಿ ಕಟ್ಟುವಂತಾಗಬೇಕು.