ನಿಮಗಿದು ಗೊತ್ತೆ? ಸುರಕ್ಷಿತ ಹೆರಿಗೆಗೆ ಹಾದಿ

● ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 2005–06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಗಳಲ್ಲಿ ಆಗಿದ್ದವು. 2019–21ರ ಸಮೀಕ್ಷೆಯ ವೇಳೆಗೆ ಈ ಪ್ರಮಾಣ ಸುಮಾರು 97ಕ್ಕೆ ಏರಿತು.

● ಈ ಬದಲಾವಣೆಯಲ್ಲಿ ಆಶಾ ಕಾರ್ಯಕರ್ತೆಯರ ಮನೆಭೇಟಿ, ತಾಯಿ ಕಾರ್ಡ್ ಮತ್ತು 2008ರಲ್ಲಿ ರಾಜ್ಯದಲ್ಲಿ ಶುರುವಾದ ಉಚಿತ 108 ಆಂಬುಲೆನ್ಸ್ ಸೇವೆಯ ಪಾಲು ದೊಡ್ಡದು.

● ಖರ್ಚಿನ ಭಯಕ್ಕೆ ಆಸ್ಪತ್ರೆಯಿಂದ ದೂರ ಉಳಿಯಬೇಕಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತ. ದಕ್ಷಿಣ ಬೆಂಗಳೂರಿನವರಿಗೆ ಜಯನಗರದ ಸಾರ್ವಜನಿಕ ಆಸ್ಪತ್ರೆ, ಬನಶಂಕರಿಯ ರೆಫರಲ್ ಆಸ್ಪತ್ರೆ ಹತ್ತಿರದಲ್ಲೇ ಇವೆ.

● ಆಸ್ಪತ್ರೆ ಹತ್ತಿರವಿದ್ದರಷ್ಟೇ ಸಾಲದು. ಗಂಡ, ಅತ್ತೆಯ ಒಪ್ಪಿಗೆ, ತಪಾಸಣೆಗೆ ಹೋದರೆ ತಪ್ಪುವ ದಿನಗೂಲಿ, ಸಿಬ್ಬಂದಿಯ ನಡವಳಿಕೆ ಇವೂ ಹೆಣ್ಣುಮಕ್ಕಳ ನಿರ್ಧಾರದ ಮೇಲೆ ಪರಿಣಾಮ ಬೀರುತ್ತವೆ.

● ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವವರು ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳನ್ನು ಜೊತೆಗೇ ಒಯ್ಯಬೇಕು. ಅವಿದ್ದರೆ ಅಲ್ಲಿನ ವೈದ್ಯರಿಗೆ ರಕ್ತಹೀನತೆ, ರಕ್ತದೊತ್ತಡದ ಹಿನ್ನೆಲೆ ತಕ್ಷಣ ತಿಳಿಯುತ್ತದೆ.

● ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ನಿಮ್ಮ ಮನೆಗೆಲಸಕ್ಕೆ ಬರುವ ಮಹಿಳೆ ಗರ್ಭಿಣಿಯಾಗಿದ್ದರೆ, ಅಂದು ಸಂಬಳ ಕಡಿಯದೆ ರಜೆ ಕೊಟ್ಟು ಕಳುಹಿಸಿ.