ತಾಳ ಕೂಡಿದರೆ ಸಾಲದು, ಸ್ವರವೂ ಕೂಡಬೇಕು

ಗಣೇಶ ಚೌತಿಯ ದಿನಗಳಲ್ಲಿ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂತಹ ಊರುಗಳಲ್ಲಿ ಎರಡು ಬಗೆಯ ಸಂಗೀತ ಕಿವಿಗೆ ಬೀಳುತ್ತದೆ. ಗುಡಿಯ ಕಟ್ಟೆಯ ಮೇಲೆ ಪೇಟಿ, ತಬಲಾ, ತಾಳಗಳೊಡನೆ ನಡೆಯುವ ಭಜನೆ ಒಂದು. ವಿಸರ್ಜನೆಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಬರುವ ಡಿ.ಜೆ. ಇನ್ನೊಂದು. ಮೊದಲನೆಯದು ಹಿರಿಯರದು, ಎರಡನೆಯದು ಹುಡುಗರದು ಎಂದು ನಾವು ಸುಲಭವಾಗಿ ಪಾಲು ಮಾಡಿಬಿಡುತ್ತೇವೆ. ಆದರೆ ಒಂದು ಹಾಡು ಮುಗಿಯುವಲ್ಲಿ ಮತ್ತೊಂದನ್ನು ಅಂದಗೆಡದಂತೆ ಎತ್ತಿಕೊಳ್ಳುವ ಕೆಲಸ ಇಬ್ಬರಿಗೂ ಸೇರಿದ್ದು.

ಪೇಟಿ ನುಡಿಸಿ ಪಳಗಿದ ಅಜ್ಜನೊಬ್ಬ ಇಂಥ ಮೆರವಣಿಗೆಯಲ್ಲಿ ನಿಂತು, “ಯಾಕೋ ತಮ್ಮಾ, ಎರಡೂ ಹಾಡು ಜಗಳಾ ಆಡಾಕತ್ಯಾವಲ್ಲ?” ಎಂದು ಕೇಳಿದನೆನ್ನಿ. “ತಾಳ ಬರೋಬ್ಬರಿ ಕೂಡೇತಿ ನೋಡ್ರಿ ಅಜ್ಜಾರ” ಎಂದು ಡಿ.ಜೆ. ಹುಡುಗ ಉತ್ತರಿಸಬಹುದು. ಇಬ್ಬರ ಮಾತೂ ನಿಜವೇ. ತಾಳ ಕೂಡಿದೆ, ಸ್ವರ ಕೂಡಿಲ್ಲ. ಸ್ವರ ಕೂಡುವುದು ಎಂದರೇನು, ಅದನ್ನು ಮೊದಲೇ ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಜಗಳ ಹುಟ್ಟುವುದೆಲ್ಲಿ?

ಡಿ.ಜೆ. ಒಂದು ಹಾಡನ್ನು ಇಳಿಸುತ್ತ ಇನ್ನೊಂದನ್ನು ಏರಿಸುವಾಗ ಕೆಲವು ಹೊತ್ತು ಎರಡೂ ಒಟ್ಟಿಗೆ ಕೇಳುತ್ತವೆ. ಕಷ್ಟವಿರುವುದು ಆ ಸಂಧಿಯಲ್ಲಿ. ಷಡ್ಜದ ತಂತಿ ಸೆಕೆಂಡಿಗೆ 240 ಸಲ ಕಂಪಿಸಿದರೆ ಅದರ ಪಂಚಮ 360 ಸಲ ಕಂಪಿಸುತ್ತದೆ. ಒಂದರ ಎರಡು ಕಂಪನಗಳಿಗೆ ಇನ್ನೊಂದರ ಮೂರು ಸರಿಹೊಂದುವುದರಿಂದ ಕಿವಿಗೆ ಅವು ಒಂದೇ ಮನೆಯವರಂತೆ ತೋರುತ್ತವೆ. ತಂಬೂರಿಯ ಮೊದಲ ತಂತಿಯನ್ನು ಸಾಮಾನ್ಯವಾಗಿ ಪಂಚಮಕ್ಕೆ ಕೂಡಿಸುವುದೂ ಈ ಸಂಬಂಧದಿಂದಲೇ. ಅದೇ 240ರ ಜೊತೆಗೆ ಪೇಟಿಯ ಮುಂದಿನ ಮನೆಯನ್ನು, ಎಂದರೆ ಸುಮಾರು 254ರ ಸ್ವರವನ್ನು, ಒತ್ತಿ ನೋಡಿ. ನಾದವು ಸೆಕೆಂಡಿಗೆ ಹದಿನಾಲ್ಕು ಸಲ ಉಬ್ಬಿ ಇಳಿಯುತ್ತದೆ. ಈ ಒರಟುತನವನ್ನೇ ಅಜ್ಜ ಜಗಳ ಎಂದದ್ದು.

ನೆರೆಮನೆ ನೆಂಟರ ಮನೆಯಲ್ಲ

ನಮ್ಮ ಕಡೆಯ ಗಾಯಕರು ತಮ್ಮ ಶ್ರುತಿಯನ್ನು ‘ಬಿಳಿ ಒಂದು’, ‘ಕಪ್ಪು ಒಂದು’ ಎಂದು ಪೇಟಿಯ ಮನೆಗಳಿಂದಲೇ ಹೇಳುತ್ತಾರೆ. ಬಿಳಿ ಒಂದನ್ನು ‘ಸಾ’ ಮಾಡಿ ಬಿಲಾವಲದ ಏಳು ಸ್ವರಗಳನ್ನು ನುಡಿಸಿದರೆ ಏಳೂ ಬಿಳಿ ಮನೆಗಳೇ ಬರುತ್ತವೆ. ಈಗ ‘ಸಾ’ವನ್ನು ಅದರ ಪಂಚಮಕ್ಕೆ, ಅಂದರೆ ಬಿಳಿ ಐದಕ್ಕೆ, ಒಯ್ಯೋಣ. ಆರು ಮನೆಗಳು ಹಾಗೆಯೇ ಉಳಿದು, ಬಿಳಿ ನಾಲ್ಕರ ಬದಲು ಕಪ್ಪು ಮೂರು ಮಾತ್ರ ಹೊಸದಾಗಿ ಬರುತ್ತದೆ. ಮಧ್ಯಮಕ್ಕೆ, ಅಂದರೆ ಬಿಳಿ ನಾಲ್ಕಕ್ಕೆ, ಒಯ್ದರೂ ಬದಲಾಗುವುದು ಒಂದೇ. ಆದರೆ ಪಕ್ಕದಲ್ಲೇ ಇರುವ ಕಪ್ಪು ಒಂದಕ್ಕೆ ಒಯ್ದರೆ ಏಳರಲ್ಲಿ ಎರಡು ಮನೆಗಳಷ್ಟೇ ಹೊಂದುತ್ತವೆ. ಪೇಟಿಯ ಮೇಲೆ ನೆರೆಯವರಾದವರು ಸ್ವರದಲ್ಲಿ ದೂರದವರು. ಪಂಚಮದ ದೂರದಲ್ಲಿರುವವರೇ ಹತ್ತಿರದ ನೆಂಟರು.

ಹೀಗೆ ಪಂಚಮದಿಂದ ಪಂಚಮಕ್ಕೆ ಹೋಗುತ್ತ ಹನ್ನೆರಡು ಹೆಜ್ಜೆ ಇಟ್ಟರೆ ಪೇಟಿಯ ಹನ್ನೆರಡು ಮನೆಗಳನ್ನೂ ಮುಟ್ಟಿ ಹೊರಟಲ್ಲಿಗೇ ಬರುತ್ತೇವೆ. ಈ ಸುತ್ತನ್ನು ಡಿ.ಜೆ.ಗಳು ಗಡಿಯಾರದ ಮುಖದಂತೆ ಬರೆದುಕೊಂಡಿದ್ದಾರೆ. ‘ಕ್ಯಾಮೆಲಾಟ್ ಚಕ್ರ’ ಎಂಬ ಇದರಲ್ಲಿ 1ರಿಂದ 12ರವರೆಗೆ ಅಂಕಿಗಳಿದ್ದು, ಮೇಜರ್ ಮೇಳಕ್ಕೆ ‘ಬಿ’, ಮೈನರ್ ಮೇಳಕ್ಕೆ ‘ಎ’ ಎಂಬ ಗುರುತಿದೆ. ಬಿಳಿ ಒಂದರ ಮೇಜರ್ 8-ಬಿ. ಬಿಳಿ ಐದರದು 9-ಬಿ. ಬಿಳಿ ನಾಲ್ಕರದು 7-ಬಿ. ಬಿಳಿ ಆರರ ಮೈನರ್ ಮೇಳವೂ ಅವೇ ಏಳು ಬಿಳಿ ಮನೆಗಳದ್ದಾದ್ದರಿಂದ ಅದು 8-ಎ. ಅದೇ ಅಂಕಿಯಲ್ಲಿ ನಿಲ್ಲಬೇಕು, ಇಲ್ಲವೇ ಅಕ್ಷರ ಉಳಿಸಿಕೊಂಡು ಹಿಂದೆ ಮುಂದೆ ಒಂದೇ ಅಂಕಿ ಸರಿಯಬೇಕು. ನಿಯಮ ಇಷ್ಟೇ.

ನಮ್ಮ ಬೈಠಕ್ಕಿನ ದಾರಿ

ಧಾರವಾಡ ಸೀಮೆಯ ಕಿವಿಗೆ ಈ ವಿಚಾರ ಪರಕೀಯವಲ್ಲ. ಕುಂದಗೋಳದ ಸವಾಯಿ ಗಂಧರ್ವರು (1886–1952), ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಹಾಡಿದ ಪರಂಪರೆಯಲ್ಲಿ ತಂಬೂರಿಯನ್ನು ಗಾಯಕರ ಕಂಠಕ್ಕೆ ಒಮ್ಮೆ ಕೂಡಿಸುತ್ತಾರೆ; ರಾಗಗಳು ಒಂದಾದ ಮೇಲೊಂದು ಬಂದರೂ ‘ಸಾ’ ಕದಲುವುದಿಲ್ಲ. ಹಾಡಿನಿಂದ ಹಾಡಿಗೆ ದಾಟುವ ಭದ್ರವಾದ ಸೇತುವೆ ಇದು.

‘ಸಾ’ವನ್ನೇ ಸರಿಸುವ ಮೂರ್ಛನೆಯೂ ನಮ್ಮಲ್ಲಿದೆ. ಬಿಳಿ ಒಂದು, ಎರಡು, ಮೂರು, ಐದು, ಆರು – ಈ ಐದು ಮನೆಗಳಲ್ಲಿ ಒಂದನ್ನು ‘ಸಾ’ ಎಂದರೆ ಭೂಪ. ಇವೇ ಐದರಲ್ಲಿ ಮೂರನೆಯ ಮನೆಯನ್ನು ‘ಸಾ’ ಎಂದರೆ ಮಾಲಕಂಸದ ಸ್ವರಗಳು ಸಿಗುತ್ತವೆ. ಮನೆ ಬದಲಾಗಲಿಲ್ಲ, ಯಜಮಾನ ಬದಲಾದ. ಪಂಡಿತ ಜಸರಾಜ್ (1930–2020) ರೂಪಿಸಿದ ‘ಜಸರಂಗಿ’ ಜುಗಲಬಂದಿಯಲ್ಲಿ ಗಾಯಕ, ಗಾಯಕಿ ಇಬ್ಬರೂ ತಮ್ಮ ತಮ್ಮ ಶ್ರುತಿಯಲ್ಲಿ ಬೇರೆ ಬೇರೆ ರಾಗ ಹಾಡುತ್ತಾರೆ. ಆತನ ಮಧ್ಯಮವೇ ಆಕೆಯ ಷಡ್ಜ. ಎರಡು ಶ್ರುತಿಗಳು ಒಂದೇ ವೇದಿಕೆಯಲ್ಲಿ ಜಗಳವಿಲ್ಲದೆ ಇರುವುದು ಈ ನೆಂಟಸ್ತಿಕೆಯಿಂದ.

ವೇಗದ ಬಲೆ

ಹುಡುಗರು ಎಡವುವುದು ಹೆಚ್ಚಾಗಿ ವೇಗದಲ್ಲಿ. ನಿಮಿಷಕ್ಕೆ 100 ಪೆಟ್ಟಿನ ಹಾಡನ್ನು 106ಕ್ಕೆ ಏರಿಸಿದರೆ, ಮುದ್ರಿಕೆಯನ್ನೇ ಬೇಗ ತಿರುಗಿಸಿದಂತಾಗಿ, ಸ್ವರವೂ ಸುಮಾರು ಒಂದು ಮನೆ ಏರುತ್ತದೆ. ಕಪ್ಪು ಒಂದರ ಹಾಡು ಬಿಳಿ ಎರಡಕ್ಕೆ ಬಂದು ನಿಲ್ಲುತ್ತದೆ. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್.ಎಲ್. 1200 ಎಂ.ಕೆ.2 ತಟ್ಟೆಯಂತ್ರದಲ್ಲಿ ವೇಗವನ್ನು ಶೇಕಡಾ 8ರಷ್ಟು ಹಿಂದೆ ಮುಂದೆ ಮಾಡುವ ಸರಿಗೂಟವಿತ್ತು. ಪೂರ್ತಿ ಸರಿಸಿದರೆ ಸ್ವರ ಒಂದು ಮನೆಯನ್ನೂ ದಾಟುತ್ತಿತ್ತು. ಇಂದಿನ ಯಂತ್ರಗಳಲ್ಲಿ ಸ್ವರವನ್ನು ಹಿಡಿದಿಟ್ಟು ವೇಗವನ್ನಷ್ಟೇ ಬದಲಿಸುವ ‘ಕೀ ಲಾಕ್’ ಗುಂಡಿ ಇದೆ. ಅತಿಯಾಗಿ ಎಳೆದರೆ ಗಾಯಕನ ಕಂಠ ಒಡೆದಂತೆ ಕೇಳುತ್ತದೆ, ಅಷ್ಟೇ.

ಯಂತ್ರಕ್ಕೂ ಮಿತಿ ಉಂಟು

ಹಾಡಿನ ಶ್ರುತಿಯನ್ನು ಗುರುತಿಸಿ ಹೇಳುವ ಕಂಪ್ಯೂಟರ್ ತಂತ್ರಾಂಶಗಳೂ ಇವೆ. ಆದರೆ ಚಕ್ರದಲ್ಲಿರುವುದು ಇಪ್ಪತ್ತನಾಲ್ಕು ಖಾನೆಗಳು. ನಮ್ಮ ಜಾನಪದ, ಭಜನೆ, ಸಿನಿಮಾ ಹಾಡುಗಳ ರಾಗಗಳೆಲ್ಲ ಅವುಗಳಲ್ಲಿ ಹಿಡಿಸುವುದಿಲ್ಲ. ‘ಸಾ’ ಒಂದೇ ಆಗಿದ್ದರೂ ಭೈರವಿಗೂ ಬಿಲಾವಲಕ್ಕೂ ಸಮಾನವಾದವು ಸಾ, ಮ, ಪ ಮೂರೇ. ಅಂಥ ಎರಡು ಹಾಡುಗಳ ಪಲ್ಲವಿಗಳನ್ನು ಒಂದರ ಮೇಲೊಂದು ಹೇರಬಾರದು. ಆಗ ನೆರವಿಗೆ ಬರುವುದು ಜಗ್ಗಲಿಗೆ, ಹಲಗೆಗಳ ಬರಿಯ ಬಡಿತ. ಅದಕ್ಕೆ ಸ್ಪಷ್ಟವಾದ ‘ಸಾ’ ಇಲ್ಲದ ಕಾರಣ ಅದು ಯಾವ ಹಾಡಿನೊಡನೆಯೂ ಜಗಳಾಡದು. ನಡುವೆ ಎಂಟು ಆವರ್ತನ ಬಡಿತವನ್ನಷ್ಟೇ ಬಿಟ್ಟರೆ ಕಿವಿ ಹಳೆಯ ‘ಸಾ’ವನ್ನು ಸಡಿಲಬಿಟ್ಟು ಹೊಸದಕ್ಕೆ ಅಣಿಯಾಗುತ್ತದೆ.

ಆದ್ದರಿಂದ ಈ ಸಲ ಚೌತಿಗೆ ಮುನ್ನ ಡಿ.ಜೆ. ಹುಡುಗರು ಒಂದು ಸಂಜೆ ತಮ್ಮ ಹಾಡುಗಳನ್ನು ಭಜನೆಯ ಕಟ್ಟೆಗೆ ಒಯ್ಯಲಿ. ಒಂದೊಂದು ಹಾಡಿನ ‘ಸಾ’ ಯಾವುದೆಂದು ಪೇಟಿಯ ಅಜ್ಜನನ್ನು ಕೇಳಿ, ವಹಿಯಲ್ಲಿ ಹಾಡಿನ ಹೆಸರು, ವೇಗ, ‘ಸಾ’ ಮೂರನ್ನೂ ಬರೆದುಕೊಳ್ಳಲಿ. ಖರ್ಚಿಲ್ಲದ ಕೆಲಸ. ಅಜ್ಜನಿಗೂ ತನ್ನ ವಿದ್ಯೆ ಮೆರವಣಿಗೆಯ ಜೊತೆ ಹೊರಟಿತೆಂಬ ಸಮಾಧಾನ. ಸದ್ದು ಎಷ್ಟಿರಬೇಕೆಂಬುದು ಬೇರೆಯೇ ಮಾತು. ಇರುವ ಸದ್ದಾದರೂ ಸ್ವರದಲ್ಲಿರಲಿ.